ರಾಡ್ ಕೊಳ್ಳುವ ಮುಂಚೆ ಆರ್‌ಪಿಎಂ ಗೊತ್ತು ಮಾಡಿಕೊಳ್ಳಿ: ಕ್ರ್ಯಾಂಕ್ ಜರ್ನಲ್ ಮತ್ತು ಕನೆಕ್ಟಿಂಗ್ ರಾಡ್ ಆರಿಸುವ ಕ್ರಮ

ತುಮಕೂರಿನಲ್ಲಿ ಇಂಜಿನ್ ಕೆಲಸ ಬಲ್ಲ ಕೈಗಳಿಗೆ ಕೊರತೆ ಇಲ್ಲ. ಅಂತರಸನಹಳ್ಳಿ ಕಡೆ ಒಂದು ಸುತ್ತು ಹಾಕಿದರೆ ಸಾಕು. ಶಿರಾ ಕಡೆ, ಬೆಂಗಳೂರು ಕಡೆ ಓಡುವ ಲಾರಿಗಳೇ ಈ ಶೆಡ್‌ಗಳಿಗೆ ಅನ್ನ. ಕ್ರ್ಯಾಂಕ್ ಗ್ರೈಂಡಿಂಗ್, ಲೈನ್ ಬೋರಿಂಗ್, ರೀಬೋರ್ ಎಲ್ಲಾ ದಿನನಿತ್ಯದ ಕೆಲಸ. ಕೆ-1000 ರ್ಯಾಲಿ ನಮ್ಮ ಜಿಲ್ಲೆಯ ಮಣ್ಣಿನ ದಾರಿಗಳಲ್ಲೂ ನಡೆದಿದೆ. ಹಾಗಾಗಿ ಇದೇ ಶೆಡ್‌ಗಳ ಮುಂದೆ ಜಿಪ್ಸಿ, ಹಳೇ ಎಸ್ಟೀಮ್ ತಂದು ನಿಲ್ಲಿಸಿ, "ಅಣ್ಣಾ, ರ್ಯಾಲಿಗೆ ಇಂಜಿನ್ ಕಟ್ಟಬೇಕು, ಯಾವ ರಾಡ್ ಹಾಕ್ಸೋಣ?" ಅಂತ ಕೇಳುವ ಹುಡುಗರೂ ಇದ್ದಾರೆ.

ರಾಡ್ ಅಂದರೆ ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್. ಆದರೆ ಅದು ಮೊದಲ ಪ್ರಶ್ನೆಯೇ ಅಲ್ಲ. ಇಂಜಿನ್ ಎಷ್ಟು ಆರ್‌ಪಿಎಂವರೆಗೆ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ ತಿರುಗಬೇಕು ಅನ್ನೋದು ಮೊದಲು. ಅದಾದ ಮೇಲೆ ಕ್ರ್ಯಾಂಕ್ ಜರ್ನಲ್ (ಕ್ರ್ಯಾಂಕ್‌ನಲ್ಲಿ ಬೇರಿಂಗ್ ಒಳಗೆ ತಿರುಗುವ ದುಂಡು ಭಾಗ) ಎಷ್ಟು ದಪ್ಪ ಇರಬೇಕು ಅನ್ನೋದು. ಆ ಸೈಜ್‌ಗೆ ಬೇರಿಂಗ್ ಶೆಲ್ (ಜರ್ನಲ್ ಸುತ್ತ ಕೂರುವ ಅರ್ಧವೃತ್ತದ ತೆಳು ಪಟ್ಟಿ) ಸಿಗುತ್ತದಾ ಅನ್ನೋದು ಮೂರನೆಯದು. ರಾಡ್ ಬರೋದು ಕೊನೆಗೆ. ದುಬಾರಿ ರಾಡ್ ಸೆಟ್ ಮೊದಲೇ ತರಿಸಿಕೊಂಡು, ಅದಕ್ಕೆ ಹೊಂದುವ ಶೆಲ್‌ಗಾಗಿ ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಅಂಗಡಿ ಅಂಗಡಿ ಅಲೆಯುವವರನ್ನು ನೋಡಿದ್ದೇನೆ. ಆ ಪಾಡು ನಿಮಗೆ ಬೇಡ ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಲೆಕ್ಕಕ್ಕೆ ಒಂದು ಇಂಜಿನ್ ಇಟ್ಟುಕೊಳ್ಳೋಣ. ಜಿಪ್ಸಿ ಕಿಂಗ್‌ನ 1.3 ಲೀಟರ್ ಇಂಜಿನ್, ಜಿ13ಬಿಬಿ. ಬೋರ್ (ಸಿಲಿಂಡರ್‌ನ ಒಳವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ) 75.5 ಮಿ.ಮೀ. ನಾಲ್ಕು ಸಿಲಿಂಡರ್ ಸೇರಿ 1298 ಸಿಸಿ. ಬ್ಲಾಕ್‌ನಲ್ಲಿ ಕೂರುವ ಮೇನ್ ಜರ್ನಲ್ 45 ಮಿ.ಮೀ., ರಾಡ್ ಕೂರುವ ಕ್ರ್ಯಾಂಕ್ ಪಿನ್ 42 ಮಿ.ಮೀ., ರಾಡ್ ಉದ್ದ ಸೆಂಟರ್‌ನಿಂದ ಸೆಂಟರ್‌ಗೆ 120 ಮಿ.ಮೀ. ನಿಮ್ಮ ಇಂಜಿನ್ ಬೇರೆ ಆದರೆ ಅದರ ಸರ್ವಿಸ್ ಮ್ಯಾನ್ಯುಯಲ್‌ನಿಂದ ಇವೇ ಅಂಕಿಗಳನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಾಯಿಮಾತಿನ ಸೈಜ್ ನಂಬಬೇಡಿ.

ಒಂದು: ಆರ್‌ಪಿಎಂ ತೀರ್ಮಾನ

ಪಿಸ್ಟನ್ ಮೇಲಕ್ಕೆ ಹೋಗಿ, ಒಂದು ಕ್ಷಣ ನಿಂತು, ಕೆಳಕ್ಕೆ ತಿರುಗುವ ಜಾಗ ಇದೆಯಲ್ಲ, ರಾಡ್ ಮೇಲೆ ದೊಡ್ಡ ಎಳೆತ ಬೀಳೋದು ಅಲ್ಲೇ. ಅದೂ ಎಕ್ಸಾಸ್ಟ್ ಸ್ಟ್ರೋಕ್‌ನ ತುದಿಯಲ್ಲಿ. ಆಗ ಮೇಲಿಂದ ಪಿಸ್ಟನ್ ಅನ್ನು ಒತ್ತುವ ಗ್ಯಾಸ್ ಇರುವುದಿಲ್ಲ. ಪಿಸ್ಟನ್ ಭಾರವನ್ನೆಲ್ಲ ರಾಡ್ ಮತ್ತು ಅದರ ಎರಡು ಬೋಲ್ಟ್‌ಗಳೇ ಹಿಡಿದು ಕೆಳಕ್ಕೆ ಎಳೆಯಬೇಕು.

ಈ ಎಳೆತ ಆರ್‌ಪಿಎಂ ಜೊತೆ ನೇರವಾಗಿ ಏರುವುದಿಲ್ಲ, ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಪಿಸ್ಟನ್, ರಿಂಗ್, ಗಜನ್ ಪಿನ್ (ಪಿಸ್ಟನ್ ಅನ್ನು ರಾಡ್‌ಗೆ ಸೇರಿಸುವ ಪಿನ್), ರಾಡ್‌ನ ಮೇಲ್ತುದಿ ಎಲ್ಲಾ ಸೇರಿ 350 ಗ್ರಾಂ ಅಂದುಕೊಳ್ಳಿ. ನಮ್ಮ ಜಿಪ್ಸಿ ಇಂಜಿನ್‌ನಲ್ಲಿ 6500 ಆರ್‌ಪಿಎಂಗೆ ಆ ಎಳೆತ ಸುಮಾರು 820 ಕೆಜಿ. 7500ಕ್ಕೆ ಸುಮಾರು 1090 ಕೆಜಿ. 8500ಕ್ಕೆ 1400 ಕೆಜಿ. ಎರಡು ಸಾವಿರ ಆರ್‌ಪಿಎಂ ಏರಿಸಿದ್ದಕ್ಕೆ ಭಾರ ಶೇ. 70ರಷ್ಟು ಜಾಸ್ತಿ ಆಯಿತು ನೋಡಿ. ಇದು ಪ್ರತಿ ಸಿಲಿಂಡರ್‌ನಲ್ಲೂ ನಡೆಯುವ ಎಳೆದಾಟ.

ಇನ್ನೊಂದು ಸುಲಭದ ಲೆಕ್ಕ ಪಿಸ್ಟನ್‌ನ ಸರಾಸರಿ ವೇಗ. ಸ್ಟ್ರೋಕ್ ಅನ್ನು ಮೀಟರ್‌ಗೆ ತಂದು, ಎರಡರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಿ. 7500ಕ್ಕೆ ಸೆಕೆಂಡಿಗೆ 18.9 ಮೀಟರ್ ಬರುತ್ತದೆ. 8500ಕ್ಕೆ 21.4. ಕಂಪನಿ ಕೊಟ್ಟ ಬಿಡಿಭಾಗಗಳನ್ನೇ ಇಟ್ಟುಕೊಂಡು ಚೆನ್ನಾಗಿ ಕಟ್ಟಿದ ಇಂಜಿನ್‌ಗೆ ನಾನು 19ರ ಆಚೆ ಹೋಗಲು ಹೇಳುವುದಿಲ್ಲ. 20 ದಾಟಬೇಕು ಅಂದರೆ ರೇಸಿಗೆಂದೇ ಮಾಡಿದ ಫೋರ್ಜ್ಡ್ (ಬಡಿದು ರೂಪಿಸಿದ) ರಾಡ್, ಹಗುರ ಪಿಸ್ಟನ್, ಒಳ್ಳೆ ಬೋಲ್ಟ್ ಮೂರೂ ಬೇಕು.

ಈಗ ಪ್ರಾಮಾಣಿಕವಾಗಿ ಕೇಳಿಕೊಳ್ಳಿ, ನಿಮ್ಮ ಹೆಡ್ ಮತ್ತು ಕ್ಯಾಮ್ 8500ರಲ್ಲಿ ಗಾಳಿ ಎಳೆಯುತ್ತವಾ? ಜಿಪ್ಸಿಯ ಮೂಲ ಇಂಜಿನ್ ಪೂರ್ತಿ ಶಕ್ತಿ ಕೊಡೋದು 6000 ಆರ್‌ಪಿಎಂನಲ್ಲಿ. ಹೆಡ್ ಮುಟ್ಟದೆ ಬರೀ ಕೆಳಗಿನ ಭಾಗವನ್ನು 8500ಕ್ಕೆ ಕಟ್ಟಿದರೆ ಸುಮ್ನೆ ದುಡ್ಡು ದಂಡ. ಶಕ್ತಿ ಎಲ್ಲಿ ನಿಲ್ಲುತ್ತದೋ ಅದಕ್ಕಿಂತ 500 ಆರ್‌ಪಿಎಂ ಮೇಲೆ ನಿಮ್ಮ ಮಿತಿ ಬರೆದುಕೊಳ್ಳಿ. ಮುಂದಿನದ್ದೆಲ್ಲಾ ಆ ಅಂಕಿಗೇ.

ಎರಡು: ಇರುವ ಕ್ರ್ಯಾಂಕ್ ಅಳೆಯಿರಿ

ಹಿಂದಿನ ದಿನವೇ ಕ್ರ್ಯಾಂಕ್ ತೊಳೆದು, ಮೈಕ್ರೋಮೀಟರ್ ಇರುವ ಕೋಣೆಯಲ್ಲೇ ಇಡಿ. ಇದು ಸಣ್ಣ ಮಾತಲ್ಲ. ಏಪ್ರಿಲ್ ಬಿಸಿಲಿನಲ್ಲಿ ಅಂಗಳದಲ್ಲಿದ್ದ ಕ್ರ್ಯಾಂಕ್, ನೆರಳಿನ ಮೈಕ್ರೋಮೀಟರ್‌ಗಿಂತ 15 ಡಿಗ್ರಿ ಬಿಸಿ ಇದ್ದರೆ, 42 ಮಿ.ಮೀ. ಪಿನ್ ಸುಮಾರು 0.007 ಮಿ.ಮೀ. ದಪ್ಪ ತೋರಿಸುತ್ತದೆ. ನಾವು ಹುಡುಕುವ ಸವೆತವೇ 0.01 ಮಿ.ಮೀ. ಆಸುಪಾಸಿನದು.

ಪ್ರತಿ ಪಿನ್‌ನಲ್ಲಿ ನಾಲ್ಕು ಅಳತೆ ತೆಗೆಯಿರಿ. ಮುಂದಿನ ಅಂಚಿನ ಹತ್ತಿರ ಒಂದು, ಅಲ್ಲೇ 90 ಡಿಗ್ರಿ ತಿರುಗಿಸಿ ಇನ್ನೊಂದು. ಹಿಂದಿನ ಅಂಚಿನಲ್ಲೂ ಹಾಗೇ ಎರಡು. ಅಡ್ಡ ಉದ್ದದ ಅಳತೆ ಬೇರೆ ಬಂದರೆ ಪಿನ್ ಅಂಡಾಕಾರಕ್ಕೆ ಸವೆದಿದೆ ಅಂತ. ಮುಂದೆ ಹಿಂದೆ ಬೇರೆ ಬಂದರೆ ಟೇಪರ್. ಎರಡರಲ್ಲಿ ಯಾವುದೇ 0.01 ಮಿ.ಮೀ. ಮೀರಿದರೂ ಗ್ರೈಂಡಿಂಗ್ ಬೇಕೇ ಬೇಕು. ಬೆರಳ ಉಗುರನ್ನು ಪಿನ್ ಉದ್ದಕ್ಕೆ ಎಳೆಯಿರಿ. ಗೆರೆಗೆ ಉಗುರು ಸಿಕ್ಕಿಕೊಂಡರೆ ಬರೀ ಪಾಲಿಶ್‌ನಿಂದ ಆಗುವುದಿಲ್ಲ.

ಆಮೇಲೆ ಬಿರುಕು ಪರೀಕ್ಷೆ. ಆಯಸ್ಕಾಂತದ ಪುಡಿ ಹಾಕಿ ನೋಡುವ ವಿಧಾನವೇ ಉತ್ತಮ. ಊರಲ್ಲಿ ಆಗದಿದ್ದರೆ ಪೀಣ್ಯಕ್ಕೆ ಕಳಿಸಿ, ತುಮಕೂರು ರಸ್ತೆಯಲ್ಲೇ ಇದೆ. ಬಿರುಕು ಸಾಮಾನ್ಯವಾಗಿ ಪಿನ್ ಮತ್ತು ವೆಬ್ (ಪಿನ್ ಹಿಡಿದಿರುವ ಕ್ರ್ಯಾಂಕ್‌ನ ತೋಳು) ಸೇರುವ ಮೂಲೆಯಲ್ಲಿ, ಇಲ್ಲವೇ ಆಯಿಲ್ ತೂತಿನ ಬಾಯಲ್ಲಿ ಶುರುವಾಗುತ್ತದೆ. ಬಿರುಕು ಕಂಡ ಕ್ರ್ಯಾಂಕ್ ಗುಜರಿಗೆ. ಅದಕ್ಕೆ ವೆಲ್ಡಿಂಗ್ ಮಾಡಿಸಿ ರೇಸಿಗೆ ಹಾಕುವ ಯೋಚನೆ ಬಿಡಿ.

ಮೂರು: ಜರ್ನಲ್ ದಪ್ಪ ಬೇಕಾ, ಸಣ್ಣ ಬೇಕಾ

ಇಲ್ಲೇ ಜಾಸ್ತಿ ಗೊಂದಲ. "ರೇಸ್ ಇಂಜಿನ್‌ಗೆ ಸಣ್ಣ ಜರ್ನಲ್ ಒಳ್ಳೇದು" ಅನ್ನೋ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಆ ಮಾತು ಎಲ್ಲಿಂದ ಬಂತು ಅಂತ ನೋಡಿದರೆ ಅರ್ಧ ಗೊಂದಲ ಹೋಗುತ್ತದೆ.

ಅಮೆರಿಕದ ಷೆವರ್ಲೆ ಸ್ಮಾಲ್ ಬ್ಲಾಕ್ ವಿ8 ಇಂಜಿನ್‌ನಲ್ಲಿ 1967ರವರೆಗೆ ಕ್ರ್ಯಾಂಕ್ ಪಿನ್ 2 ಇಂಚು, ಅಂದರೆ 50.8 ಮಿ.ಮೀ. ಇತ್ತು. 1968ರಿಂದ 2.1 ಇಂಚಿಗೆ ಏರಿಸಿದರು. ಮೇನ್ ಜರ್ನಲ್ ಕೂಡ 2.3ರಿಂದ 2.45 ಇಂಚಿಗೆ ಹೋಯಿತು. ಉದ್ದ ಸ್ಟ್ರೋಕ್‌ಗೆ ಗಟ್ಟಿ ಕ್ರ್ಯಾಂಕ್ ಬೇಕಿತ್ತು. ಆದರೆ ರೇಸ್‌ನವರು ಮುಂದೆ ಉಲ್ಟಾ ಹೋದರು. ಒಳ್ಳೆ ಉಕ್ಕು ಸಿಗುತ್ತಿದ್ದಂತೆ ಪಿನ್ ಅನ್ನು 1.888 ಇಂಚಿಗೆ ಇಳಿಸಿದರು. ಅದು ಸುಮಾರು 48 ಮಿ.ಮೀ., ಹೋಂಡಾ ಕಾರಿನ ಬೇರಿಂಗ್ ಸೈಜ್. ಅದಕ್ಕೇ "ಹೋಂಡಾ ಜರ್ನಲ್" ಅಂತಲೇ ಹೆಸರು ಬಿತ್ತು.

ಇಳಿಸಿದ್ದು ಯಾಕೆ? ಬೇರಿಂಗ್‌ಗೆ ತಿಳಿಯೋದು ಆರ್‌ಪಿಎಂ ಅಲ್ಲ, ಜರ್ನಲ್‌ನ ಮೈ ಎಷ್ಟು ವೇಗವಾಗಿ ಜಾರುತ್ತಿದೆ ಅನ್ನೋದು. 8000 ಆರ್‌ಪಿಎಂನಲ್ಲಿ 2.1 ಇಂಚಿನ ಪಿನ್‌ನ ಮೈ ಸೆಕೆಂಡಿಗೆ 22.3 ಮೀಟರ್ ಓಡುತ್ತದೆ. 1.888 ಇಂಚಿನದು 20.1 ಮೀಟರ್. ಆಯಿಲ್ ಪದರವನ್ನು ಸೀಳುವುದಕ್ಕೆ ಹೋಗುವ ಶಕ್ತಿ ಹೆಚ್ಚುಕಡಿಮೆ ವ್ಯಾಸದ ಘನದ ಲೆಕ್ಕದಲ್ಲಿ ಇಳಿಯುತ್ತದೆ. ಆಯಿಲ್ ಬಿಸಿಯೂ ಕಡಿಮೆ. ಪಿನ್ ಸಣ್ಣದಾದರೆ ರಾಡ್‌ನ ಬಿಗ್ ಎಂಡ್ (ಪಿನ್ ಹಿಡಿಯುವ ದೊಡ್ಡ ತುದಿ) ಕೂಡ ಸಣ್ಣದು, ಹಗುರ. ಲಾಭ ನಿಜವೇ.

ಈಗ ನಮ್ಮ ಜಿಪ್ಸಿಗೆ ಬನ್ನಿ. 42 ಮಿ.ಮೀ. ಪಿನ್ ಅದೇ 8000ದಲ್ಲಿ ಬರೀ 17.6 ಮೀಟರ್ ಓಡುತ್ತದೆ. ಅಲ್ಲಿನವರು ಕಷ್ಟಪಟ್ಟು ಇಳಿಸಿ ತಲುಪಿದ ವೇಗಕ್ಕಿಂತ ನಮ್ಮದು ಮೊದಲೇ ಕೆಳಗಿದೆ. ಇನ್ನೂ ಸಣ್ಣ ಮಾಡಿದರೆ ಸಿಗುವುದು ಅಲ್ಪ, ಕಳೆದುಕೊಳ್ಳುವುದು ಜಾಸ್ತಿ. ಪಿನ್ ಅನ್ನು 42ರಿಂದ 40ಕ್ಕೆ ಇಳಿಸಿದರೆ ತಿರುಚುವ ಬಲ ತಡೆಯುವ ಗಡಸು ಆ ಪಿನ್‌ನಲ್ಲಿ ಸುಮಾರು ಶೇ. 18 ಕಡಿಮೆ. ಅದು ವ್ಯಾಸದ ನಾಲ್ಕನೇ ಘಾತದ ಲೆಕ್ಕ.

ಇದರ ಜೊತೆ ಓವರ್‌ಲ್ಯಾಪ್ ನೋಡಬೇಕು. ಕ್ರ್ಯಾಂಕ್ ಅನ್ನು ಒಂದು ತುದಿಯಿಂದ ನೋಡಿದರೆ ಮೇನ್ ಜರ್ನಲ್ ಮತ್ತು ಪಿನ್ ಒಂದರ ಮೇಲೊಂದು ಎಷ್ಟು ಹಾಯುತ್ತವೆ ಅನ್ನೋದೇ ಓವರ್‌ಲ್ಯಾಪ್. ಎರಡೂ ವ್ಯಾಸ ಕೂಡಿಸಿ ಅರ್ಧ ಮಾಡಿ, ಅದರಿಂದ ಸ್ಟ್ರೋಕ್‌ನ ಅರ್ಧ ಕಳೆಯಿರಿ. ನಮ್ಮದು 43.5ರಲ್ಲಿ 37.75 ಹೋದರೆ 5.75 ಮಿ.ಮೀ. ಆ ಭಾಗದಲ್ಲಿ ಲೋಹ ನೇರವಾಗಿ ಮೇನ್‌ನಿಂದ ಪಿನ್‌ಗೆ ಹೋಗುತ್ತದೆ. ಕ್ರ್ಯಾಂಕ್‌ನ ಜೀವ ಅಲ್ಲಿದೆ.

ಕೆಲವರು ಪಿನ್ ಸಣ್ಣ ಮಾಡೋದು ಸ್ಟ್ರೋಕ್ ಹೆಚ್ಚಿಸಲಿಕ್ಕೆ. ಪಿನ್‌ನ ಸೆಂಟರ್ ಅನ್ನು ಹೊರಗೆ ಸರಿಸಿ ಗ್ರೈಂಡ್ ಮಾಡುವ ಈ ಕೆಲಸಕ್ಕೆ ಆಫ್‌ಸೆಟ್ ಗ್ರೈಂಡಿಂಗ್ ಅಂತಾರೆ. 42ನ್ನು 40 ಮಾಡಿದರೆ ಸ್ಟ್ರೋಕ್ ಹೆಚ್ಚೆಂದರೆ 2 ಮಿ.ಮೀ. ಏರಿ 77.5 ಆಗುತ್ತದೆ. ಇಂಜಿನ್ 1333 ಸಿಸಿ. ಅಂದರೆ ಲಾಭ ಬರೀ 35 ಸಿಸಿ. ಬದಲಿಗೆ ಓವರ್‌ಲ್ಯಾಪ್ 3.75ಕ್ಕೆ ಇಳಿಯುತ್ತದೆ. ಪಿಸ್ಟನ್ 1 ಮಿ.ಮೀ. ಮೇಲೆ ಬರುವುದರಿಂದ ರಾಡ್ ಗಿಡ್ಡ ಮಾಡಬೇಕು, ಇಲ್ಲವೇ ಬೇರೆ ಪಿಸ್ಟನ್ ತರಬೇಕು. 40ಕ್ಕೆ ಹೊಂದುವ ಶೆಲ್, ಆ ಶೆಲ್ ಕೂರುವ ಬಿಗ್ ಎಂಡ್ ಇರುವ ರಾಡ್ ಎರಡನ್ನೂ ಹುಡುಕಬೇಕು. ಈ ಇಂಜಿನ್‌ಗೆ ನಾನು ಇದನ್ನು ಬೇಡ ಅಂತಲೇ ಹೇಳುತ್ತೇನೆ. ದೊಡ್ಡ ಪಿನ್ ಇರುವ, ಓವರ್‌ಲ್ಯಾಪ್ ಧಾರಾಳವಾಗಿರುವ ಇಂಜಿನ್‌ನಲ್ಲಿ ಯೋಚಿಸಬಹುದು.

ರಸ್ತೆಯಲ್ಲೂ ಓಡಿಸುವ ಗಾಡಿ ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ನೋಂದಣಿ ಪತ್ರದ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಸಿಸಿ ಅದರಲ್ಲಿ ಬರುತ್ತದೆ. ರ್ಯಾಲಿ ಆದರೆ ನಿಮ್ಮ ಕ್ಲಾಸಿನ ನಿಯಮ ಪುಸ್ತಕ ಓದಿಯೇ ಗ್ರೈಂಡಿಂಗ್‌ಗೆ ಕೊಡಿ.

ನಾಲ್ಕು: ಗ್ರೈಂಡಿಂಗ್ ಮೇಸ್ತ್ರಿಗೆ ಏನು ಹೇಳಬೇಕು

ಸವೆದ ಪಿನ್ ಸರಿಪಡಿಸುವುದಕ್ಕೆ ಅಂಡರ್‌ಸೈಜ್, ಅಂದರೆ ಮೂಲ ವ್ಯಾಸಕ್ಕಿಂತ ಕಡಿಮೆ, 0.25 ಅಥವಾ 0.50 ಮಿ.ಮೀ. ಶೆಡ್ ಭಾಷೆಯಲ್ಲಿ ಟೆನ್ ಥೌ, ಟ್ವೆಂಟಿ ಥೌ (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು). ಶೆಲ್ ಸೆಟ್ ಕೈಗೆ ಬಂದ ಮೇಲೆಯೇ ಕ್ರ್ಯಾಂಕ್ ಕಲ್ಲಿಗೆ ಕೊಡಿ. ಡಬ್ಬಿ ಮೇಲೆ ಬರೆದ ಸೈಜ್ ಸಾಲದು. ಶೆಲ್ ಅನ್ನು ರಾಡ್‌ನಲ್ಲಿ ಕೂರಿಸಿ, ಬೋಲ್ಟ್ ಪೂರ್ತಿ ಬಿಗಿದು, ಒಳಗಿನ ವ್ಯಾಸವನ್ನು ಬೋರ್ ಗೇಜ್‌ನಿಂದ ಅಳೆಯಿರಿ. ಅದರಲ್ಲಿ ನಿಮಗೆ ಬೇಕಾದ ಕ್ಲಿಯರೆನ್ಸ್ (ಪಿನ್‌ಗೂ ಶೆಲ್‌ಗೂ ನಡುವೆ ಆಯಿಲ್‌ಗೆ ಬಿಡುವ ಸಂದು) ಕಳೆದರೆ ಬರುವ ಅಂಕಿಯನ್ನು ಮೇಸ್ತ್ರಿಗೆ ಬರೆದು ಕೊಡಿ.

ಕ್ಲಿಯರೆನ್ಸ್ ಎಷ್ಟು? ಹಳೆಯ ಲೆಕ್ಕ, ವ್ಯಾಸದ ಸಾವಿರದಲ್ಲಿ ಒಂದು ಪಾಲು. 42 ಮಿ.ಮೀ. ಪಿನ್‌ಗೆ 0.042. ರ್ಯಾಲಿಗೆ ಓಡಿಸುವುದಾದರೆ 0.050 ಇಡಬಹುದು. ಮೂಲ ಆಯಿಲ್ ಪಂಪ್ ಇಟ್ಟುಕೊಂಡು ಅದರ ಆಚೆ ಹೋದರೆ ಬಿಸಿ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಶರ್ ಕುಸಿಯುತ್ತದೆ.

ಇನ್ನೊಂದು ಮಾತು ಎದುರಿಗೆ ನಿಂತು ಹೇಳಿ: "ಅಣ್ಣಾ, ಮೂಲೆ ರೇಡಿಯಸ್ ಎಷ್ಟಿದೆಯೋ ಅಷ್ಟೇ ಬಿಡಿ, ಚೌಕ ಮಾಡಬೇಡಿ." ಪಿನ್ ವೆಬ್‌ಗೆ ಸೇರುವಲ್ಲಿ ಕಂಪನಿ ಒಂದು ದುಂಡು ಕೊಟ್ಟಿರುತ್ತದೆ. ಕಲ್ಲಿನ ಅಂಚನ್ನು ಆ ದುಂಡಿಗೆ ಡ್ರೆಸ್ ಮಾಡದೆ ಹಾಗೇ ಬಿಟ್ಟರೆ ಮೂಲೆ ಚೂಪಾಗುತ್ತದೆ. ಲಾರಿ ಕ್ರ್ಯಾಂಕ್ ಮಾಡಿ ಪಳಗಿದ ಮೇಸ್ತ್ರಿಗೆ ಇದು ಗೊತ್ತೇ ಇರುತ್ತದೆ, ಆದರೆ ಸಣ್ಣ ಕಾರಿನ ಕ್ರ್ಯಾಂಕ್‌ಗೆ ಕಲ್ಲು ಬದಲಿಸುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಆ ಚೂಪು ಮೂಲೆಯಲ್ಲೇ ಕ್ರ್ಯಾಂಕ್ ತುಂಡಾಗೋದು. ಕೆಲಸ ಮುಗಿದ ಮೇಲೆ ಟಾರ್ಚ್ ಹಿಡಿದು ಪ್ರತಿ ಮೂಲೆ ನೋಡಿ. ಒಂದು ಮೆಟ್ಟಿಲು, ಒಂದು ಗೆರೆ ಕೂಡ ಇರಬಾರದು. ಹಾಗೇ ಆ ದುಂಡಿಗೆ ಶೆಲ್‌ನ ಅಂಚು ತಾಗುತ್ತದಾ ಅಂತಲೂ ನೋಡಿ.

ನೈಟ್ರೈಡಿಂಗ್ (ಮೇಲ್ಮೈ ಗಟ್ಟಿ ಮಾಡುವ ಸಂಸ್ಕರಣೆ) ಇರುವ ಕ್ರ್ಯಾಂಕ್ ಆದರೆ, ಗಟ್ಟಿ ಪದರ ತೆಳುವಾಗಿದ್ದಲ್ಲಿ ಗ್ರೈಂಡಿಂಗ್‌ನಲ್ಲಿ ಹೋಗಿಬಿಡುತ್ತದೆ. ಮತ್ತೆ ಮಾಡಿಸಬೇಕು. ಕೊನೆಗೆ ಆಯಿಲ್ ದಾರಿಯ ಪ್ಲಗ್ ಬಿಚ್ಚಿ, ಬ್ರಶ್ ತೂರಿಸಿ ತೊಳೆಯಿರಿ. ಕಲ್ಲಿನ ಪುಡಿ ಅಲ್ಲೇ ಅಡಗಿ ಕೂರುತ್ತದೆ, ಬರೀ ಗಾಳಿ ಹೊಡೆದರೆ ಬರುವುದಿಲ್ಲ.

ಐದು: ಈಗ ರಾಡ್

ನಿಮ್ಮ ಮಿತಿ 7000ದಿಂದ 7500ರ ಒಳಗೆ, ಟರ್ಬೊ ಇಲ್ಲ. ಹಾಗಿದ್ದರೆ ಮೂಲ ಫೋರ್ಜ್ಡ್ ರಾಡ್‌ಗಳೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಬಿರುಕು ನೋಡಿಸಿ, ಬಾಗಿದೆಯಾ ತಿರುಚಿದೆಯಾ ಅಂತ ಅಳೆದು, ಬದಿಯ ಫೋರ್ಜಿಂಗ್ ಗೆರೆಯನ್ನು ಉದ್ದಕ್ಕೆ ನಯ ಮಾಡಿ, ಶಾಟ್ ಪೀನಿಂಗ್ (ಸಣ್ಣ ಗುಂಡು ಹೊಡೆದು ಮೇಲ್ಮೈ ಗಟ್ಟಿ ಮಾಡುವುದು) ಮಾಡಿಸಿ. ಹೊಸ ಬೋಲ್ಟ್ ಹಾಕಿಸಿ. ಹೊಸ ಬೋಲ್ಟ್ ಬಿಗಿದಾಗ ಬಿಗ್ ಎಂಡ್‌ನ ಆಕಾರ ಸ್ವಲ್ಪ ಬದಲಾಗುತ್ತದೆ, ಅದಕ್ಕೇ ಆಮೇಲೆ ಅದನ್ನು ಹೋನ್ ಮಾಡಿಸಿ ದುಂಡಗೆ ತರಬೇಕು. ಉಳಿದ ದುಡ್ಡು ಹೆಡ್ ಕೆಲಸಕ್ಕೆ ಹಾಕಿ.

ಹೊಸ ಕಾರುಗಳ ಎಷ್ಟೋ ರಾಡ್‌ಗಳಲ್ಲಿ ಕ್ಯಾಪ್ (ಬಿಗ್ ಎಂಡ್‌ನ ಬಿಚ್ಚುವ ಅರ್ಧ) ಅನ್ನು ಕತ್ತರಿಸಿರುವುದಿಲ್ಲ, ಮುರಿದು ಬೇರ್ಪಡಿಸಿರುತ್ತಾರೆ. ಜೋಡಣೆಯ ಮುಖ ಒಡೆದ ಬೆಲ್ಲದ ಅಚ್ಚಿನ ಹಾಗೆ ಹರಳು ಹರಳಾಗಿ ಕಾಣುತ್ತದೆ. ಆ ಮುಖವನ್ನು ಉಜ್ಜಲೇಬಾರದು, ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಲೂಬಾರದು. ಹಳೇ ರೀತಿಯಲ್ಲಿ ಕ್ಯಾಪ್ ಉಜ್ಜಿ ರೀಸೈಜ್ ಮಾಡುವುದು ಇವಕ್ಕೆ ನಡೆಯುವುದಿಲ್ಲ.

ಮಿತಿ 8000 ದಾಟಿದರೆ, ಇಲ್ಲವೇ ಟರ್ಬೊ ಇದ್ದರೆ, 4340 ಉಕ್ಕಿನ ಫೋರ್ಜ್ಡ್ ರಾಡ್ ತೆಗೆದುಕೊಳ್ಳಿ. ನಮ್ಮ ಲೇತ್ ಶಾಪ್‌ಗಳಲ್ಲಿ ಇಎನ್24 ಅಂತ ಕರೆಯುವ ಉಕ್ಕು ಹೆಚ್ಚುಕಡಿಮೆ ಅದೇ ಜಾತಿ. ಹಾಗಂತ ಇಎನ್24 ಕಂಬಿ ತಂದು ರಾಡ್ ಮಾಡಿಸಬಹುದಲ್ವಾ ಅಂದರೆ, ಬೇಡ. ಉಕ್ಕು ಒಂದೇ ಆದರೂ ಹೀಟ್ ಟ್ರೀಟ್‌ಮೆಂಟ್, ಎಳೆಯ ದಿಕ್ಕು, ಪೀನಿಂಗ್ ಎಲ್ಲಾ ಕೂಡಿ ಬಂದರೆ ಮಾತ್ರ ಅದು ರಾಡ್.

ರಾಡ್‌ನ ನಡುಭಾಗ ಐ ಆಕಾರದ್ದೋ ಎಚ್ ಆಕಾರದ್ದೋ ಅನ್ನುವ ಐ-ಬೀಮ್, ಎಚ್-ಬೀಮ್ ಜಗಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಳ್ಳೆಯ ಐ-ಬೀಮ್, ಕಳಪೆ ಎಚ್-ಬೀಮ್‌ಗಿಂತ ಎಷ್ಟೋ ಮೇಲು. ಅಲ್ಯೂಮಿನಿಯಂ ರಾಡ್ ಡ್ರ್ಯಾಗ್ ರೇಸ್‌ನವರದು. ಅದು ಬೇಗ ದಣಿಯುತ್ತದೆ. ದಿನವಿಡೀ ಓಡುವ ರ್ಯಾಲಿಗೆ ಬೇಡ.

ರಾಡ್ ಉದ್ದವನ್ನು ಸ್ಟ್ರೋಕ್‌ನಿಂದ ಭಾಗಿಸಿದರೆ ರಾಡ್ ರೇಶಿಯೊ. ನಮ್ಮದು 1.59. ಉದ್ದ ರಾಡ್ ಆದರೆ ಪಿಸ್ಟನ್ ಸಿಲಿಂಡರ್ ಗೋಡೆಗೆ ಒತ್ತುವುದು ಕಡಿಮೆ ಅನ್ನೋದು ನಿಜ. ಆದರೆ ಬ್ಲಾಕ್ ಎತ್ತರ ಬದಲಾಗುವುದಿಲ್ಲವಲ್ಲ. ರಾಡ್ ಉದ್ದ ಆದಷ್ಟು ಗಜನ್ ಪಿನ್ ರಿಂಗ್ ಕಡೆಗೆ ಏರುತ್ತದೆ. ಇರುವ ಉದ್ದವೇ ಇರಲಿ.

ರಾಡ್ ಆರ್ಡರ್ ಮಾಡುವಾಗ ಸೆಂಟರ್ ಅಳತೆ, ಶೆಲ್ ಇಲ್ಲದ ಬಿಗ್ ಎಂಡ್ ವ್ಯಾಸ, ಬಿಗ್ ಎಂಡ್ ಅಗಲ, ಗಜನ್ ಪಿನ್ ವ್ಯಾಸ, ಬೋಲ್ಟ್ ಸೈಜ್ ಐದನ್ನೂ ಬರೆದು ಕಳಿಸಿ. ಬಂದ ಮೇಲೆ ಐದನ್ನೂ ನೀವೇ ಅಳೆಯಿರಿ.

ಆರು: ಬೋಲ್ಟ್

ರಾಡ್‌ಗೆ ಹಾಕುವ ದುಡ್ಡಲ್ಲಿ ಒಂದು ಪಾಲು ಉಳಿಸಬೇಕು ಅಂದರೂ ಬೋಲ್ಟ್‌ನಲ್ಲಿ ಉಳಿಸಬೇಡಿ. ಮೇಲೆ ಹೇಳಿದ ಸಾವಿರ ಕೆಜಿ ಎಳೆತವನ್ನು ಹಿಡಿಯೋದು ಅವೇ. ಬೋಲ್ಟ್ ಬಿಗಿದಾಗ ಸ್ಪ್ರಿಂಗ್ ಥರ ಚೂರು ಉದ್ದ ಆಗುತ್ತದೆ. ಆ ಉದ್ದವೇ ಬಿಗಿತದ ನಿಜವಾದ ಅಳತೆ. ಟಾರ್ಕ್ ವ್ರೆಂಚ್ ತೋರಿಸುವ ಅಂಕಿಯಲ್ಲಿ ಬಹುಪಾಲು ಥ್ರೆಡ್ ಮತ್ತು ತಲೆಯ ಉಜ್ಜಾಟಕ್ಕೇ ಹೋಗಿರುತ್ತದೆ.

ಬಿಗಿಯುವ ಮುಂಚೆ ಪ್ರತಿ ಬೋಲ್ಟ್‌ನ ಉದ್ದ ಅಳೆದು, ನಂಬರ್ ಹಾಕಿ ಬರೆಯಿರಿ. ಬೋಲ್ಟ್ ತಯಾರಕರು ಹೇಳಿದ ಗ್ರೀಸನ್ನೇ ಹಚ್ಚಿ, ಅವರು ಕೊಟ್ಟ ಸ್ಟ್ರೆಚ್ ಬರುವ ತನಕ ಬಿಗಿಯಿರಿ. ಮುಂದೆ ಇಂಜಿನ್ ಬಿಚ್ಚಿದಾಗ ಮತ್ತೆ ಅಳೆಯಿರಿ. ಮೂಲ ಉದ್ದಕ್ಕಿಂತ 0.025 ಮಿ.ಮೀ. ಉದ್ದವಾಗಿಯೇ ಉಳಿದಿದ್ದರೆ ಆ ಬೋಲ್ಟ್ ಮುಗಿಯಿತು. ಟಾರ್ಕ್ ಜೊತೆ ಡಿಗ್ರಿ ತಿರುಗಿಸಿ ಬಿಗಿಯುವ ಕಂಪನಿ ಬೋಲ್ಟ್‌ಗಳನ್ನು ಬಿಚ್ಚಿದ ಮೇಲೆ ಮತ್ತೆ ಹಾಕಬೇಡಿ.

ಆರ್‌ಎಕ್ಸ್, ಬುಲೆಟ್ ಇಟ್ಟವರಿಗೆ

ಆರ್‌ಎಕ್ಸ್ 100ರ ಲೆಕ್ಕ ಬೇರೆ. ಅಲ್ಲಿ ಶೆಲ್ ಬೇರಿಂಗ್ ಇಲ್ಲ, ಸೂಜಿ ರೋಲರ್. ಕ್ರ್ಯಾಂಕ್ ಕೂಡ ಒಂದೇ ತುಂಡಲ್ಲ. ಎರಡು ಚಕ್ರದ ನಡುವೆ ಪಿನ್ ಒತ್ತಿ ಕೂರಿಸಿರುತ್ತಾರೆ. ಹಾಗಾಗಿ ಪಿನ್ ಗ್ರೈಂಡ್ ಮಾಡುವ ಮಾತೇ ಇಲ್ಲ, ರಾಡ್ ಕಿಟ್ ಪೂರ್ತಿ ಬದಲಿಸಬೇಕು. ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆಯಿರಿ. ಅಲ್ಲಾಡಿದರೆ ಕಿಟ್ ಹೋಗಿದೆ. ಪಕ್ಕಕ್ಕೆ ಸ್ವಲ್ಪ ಆಟ ಇರಲೇಬೇಕು, ಅದಕ್ಕೆ ಗಾಬರಿ ಬೇಡ. ಕಿಟ್ ಒತ್ತಿದ ಮೇಲೆ ಸೆಂಟರ್‌ಗಳ ನಡುವೆ ಇಟ್ಟು ಡಯಲ್ ಗೇಜ್‌ನಲ್ಲಿ 0.03 ಮಿ.ಮೀ. ಒಳಗೆ ತರುವವರ ಹತ್ತಿರವೇ ಕೊಡಿ. ಸುತ್ತಿಗೆ ಏಟು, ಕಣ್ಣಂದಾಜು ಎರಡಕ್ಕೇ ಮುಗಿಸುವ ಕಡೆ ಕೊಡಬೇಡಿ.

ಹಳೇ ಬುಲೆಟ್‌ನ ಸ್ಟ್ರೋಕ್ 90 ಮಿ.ಮೀ. 5500ಕ್ಕೇ ಪಿಸ್ಟನ್ ವೇಗ 16.5 ಮೀಟರ್ ಆಗುತ್ತದೆ. ಹಳೇ ಕ್ಯಾಸ್ಟ್ ಐರನ್ ಇಂಜಿನ್‌ನಲ್ಲಿ ಬಿಗ್ ಎಂಡ್ ತೇಲುವ ಬುಶ್ ಮೇಲೆ ಓಡುತ್ತದೆ. ರೋಲರ್ ಬಿಗ್ ಎಂಡ್ ಹಾಕಿಸುವುದು ಒಳ್ಳೇ ಬದಲಾವಣೆ. ರಾಡ್ ಅಥವಾ ಪಿಸ್ಟನ್ ತೂಕ ಬದಲಾದರೆ ಕ್ರ್ಯಾಂಕ್ ಮತ್ತೆ ಬ್ಯಾಲೆನ್ಸ್ ಮಾಡಿಸಿ, ಸಿಂಗಲ್ ಸಿಲಿಂಡರ್‌ನಲ್ಲಿ ಅದು ಕೈಗೆ, ಕಾಲಿಗೆ ನೇರ ತಿಳಿಯುತ್ತದೆ.

ಏಳು: ಜೋಡಣೆ, ಮೊದಲ ಸ್ಟಾರ್ಟ್

ನಾಲ್ಕು ರಾಡ್‌ಗಳ ಬಿಗ್ ಎಂಡ್, ಸ್ಮಾಲ್ ಎಂಡ್ ತೂಕವನ್ನು ಬೇರೆ ಬೇರೆಯಾಗಿ ತೂಗಿ 1 ಗ್ರಾಂ ಒಳಗೆ ಸಮ ಮಾಡಿ. ಶೆಲ್ ಹಿಂಭಾಗ ಒಣಗಿರಲಿ, ಮುಂಭಾಗಕ್ಕೆ ಮಾತ್ರ ಅಸೆಂಬ್ಲಿ ಲ್ಯೂಬ್. ಒಂದೊಂದು ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲಿ ಹಿಡಿಯಿತೋ ಅಲ್ಲೇ ನಿಲ್ಲಿಸಿ ಬಿಚ್ಚಿ. ಸ್ಪಾರ್ಕ್ ಪ್ಲಗ್ ತೆಗೆದು ಸ್ಟಾರ್ಟರ್‌ನಲ್ಲಿ ತಿರುಗಿಸಿ, ಆಯಿಲ್ ಪ್ರೆಶರ್ ಬಂದ ಮೇಲೆ ಪ್ಲಗ್ ಹಾಕಿ.

ಮೊದಲ ಆಯಿಲ್ ಬೇಗ ಬದಲಿಸಿ. ಹಳೇ ಫಿಲ್ಟರ್ ಎಸೆಯಬೇಡಿ. ಅದರ ಡಬ್ಬಿ ಕತ್ತರಿಸಿ, ಒಳಗಿನ ಕಾಗದ ಬಿಡಿಸಿ, ಹಿಂಡಿ, ಬಿಸಿಲಲ್ಲಿ ಹಿಡಿದು ನೋಡಿ. ಆಯಸ್ಕಾಂತಕ್ಕೆ ಅಂಟುವ ನಯ ಪುಡಿ ಸ್ವಲ್ಪ ಇದ್ದರೆ ಅದು ಹೊಸ ರಿಂಗ್ ಕೂರುವಾಗ ಬರುವುದೇ. ಆಯಸ್ಕಾಂತಕ್ಕೆ ಅಂಟದೆ ಬೆಳ್ಳಗೆ ಹೊಳೆಯುವ ಚಕ್ಕೆ ಇದ್ದರೆ ಬೇರಿಂಗ್‌ನ ಮೇಲ್ಪದರ ಸುಲಿಯುತ್ತಿರಬಹುದು. ತಾಮ್ರದ ಬಣ್ಣ ಕಂಡರೆ ಆ ಪದರ ದಾಟಿ ಒಳಗಿನದು ಸವೆಯುತ್ತಿದೆ ಅಂತ. ಆಗ ಇನ್ನೊಂದು ಸಲವೂ ಸ್ಟಾರ್ಟ್ ಮಾಡದೆ ಸಂಪ್ ಇಳಿಸಿ, ಒಂದೊಂದೇ ರಾಡ್ ಕ್ಯಾಪ್ ಬಿಚ್ಚಿ ಶೆಲ್ ನೋಡಿ.